ಐದನೆಯ ತಟ್ಟೆ

"ಅದನ್ನ ಆಚೆ ಎಸೀರಿ," ಎಂದರು ಪ್ರೊಫೆಸರು, ಐದನೆಯ ತಟ್ಟೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳುತ್ತ.

ತಟ್ಟೆಯಮ್ಮ ಎಸೆಯಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳಿಗೆ ಅಗರ್ ಎಂಬ ಲೋಳೆ ಕಾಯಿಸಿ ಹುಯ್ದು, ಅದರ ಮೇಲೆ ಕೀವಿನ ರೋಗಾಣು ಬಿತ್ತುವವಳು; ಅದಕ್ಕೇ ಆ ಹೆಸರು. ತಟ್ಟೆಗೆ ಕೈಹಾಕುವ ಮುನ್ನ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ಪ್ರೊಫೆಸರರನ್ನು ನೆನೆದರೆ ಮಾತ್ರ ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು.

ಈ ಮಹಾನುಭಾವರು ಬಿಳಿ ಕೋಟು ತೊಡುವುದು ಫೋಟೊದವನು ಬಂದಾಗಷ್ಟೇ. ಮೊನ್ನೆ ಬಂದಿದ್ದ. ಪ್ರೊಫೆಸರು ಗಾಯಕ್ಕೆಂದು ಲವಂಗ, ನಿಂಬೆಹುಲ್ಲುಗಳಿಂದ ಇಳಿಸಿದ ಹೊಸ ಎಣ್ಣೆ ನೀರಿಗೆ ಬೆರೆಯದು. ಸ್ಪಿರಿಟ್ಟಿನಲ್ಲಿ ಕಲಸಿ, ಕಾಗದದ ಬಿಲ್ಲೆಗೆ ಹನಿಸಿ, ಸ್ಪಿರಿಟ್ಟು ಹಾರಿಹೋಗುವವರೆಗೆ ಒಣಗಿಸಿ, ಆಮೇಲಷ್ಟೇ ರೋಗಾಣುವಿನ ಮೇಲಿಡಬೇಕು. "ಫೋಟೊದವನು ಕಾಯ್ತಾ ಕೂರ್ತಾನೇನಮ್ಮ?" ಎಂದು ಇವರು ನಾಲ್ಕು ತಟ್ಟೆಗಳಲ್ಲಿ ಹಸಿ ಬಿಲ್ಲೆಗಳನ್ನೇ ಇಟ್ಟು, ಹಲ್ಲು ಕಿರಿದು ನಿಂತಿದ್ದರು. ಅವಳು ಬರೀ ಸ್ಪಿರಿಟ್ಟಿನಲ್ಲಿ ಅದ್ದಿದ ಬಿಲ್ಲೆಯೊಂದನ್ನು ಐದನೆಯ ತಟ್ಟೆಯಲ್ಲಿಟ್ಟಿದ್ದಳು.

ಇಂದು ಎಲ್ಲ ಬಿಲ್ಲೆಗಳ ಸುತ್ತಲೂ ರೋಗಾಣು ಸತ್ತು ತಿಳಿಯಾದ ಬಳೆ ಮೂಡಿತ್ತು. ಎಣ್ಣೆಯ ನಾಲ್ಕಕ್ಕೂ ಹದಿನಾಲ್ಕು ಮಿಲಿಮೀಟರು. ಎಣ್ಣೆಯೇ ಇಲ್ಲದ ಐದನೆಯದಕ್ಕೂ ಹದಿನಾಲ್ಕು.

"ಕೊಂದಿದ್ದು ಸ್ಪಿರಿಟ್ಟು ಸಾರ್. ಎಣ್ಣೆ ಸುಮ್ನೆ ಘಮಘಮ ಅಂತ ಕೂತಿತ್ತು. ಒಣಗಿಸಿ ಇನ್ನೊಂದ್ಸಲ ಇಡೋಣ. ಎರಡೇ ದಿನ."

"ತಟ್ಟೆ ತೊಳೆಯೋರು ವಿಜ್ಞಾನ ಹೇಳೋ ಕಾಲ ಬಂತು. ವಾರ್ಡಿನೋರು ಈಗ ಬರ್ತಾರೆ. ಸುಟ್ಟ ಗಾಯಕ್ಕೆ ಇವತ್ತಿಂದ ಮುಲಾಮು ಬಂದ್, ನಮ್ಮೆಣ್ಣೆ. ನೀವು ನಾಲ್ಕೇ ತಟ್ಟೆ ಬರೆದು ಸಹಿ ಹಾಕಿ, ಸಾಕು."

"ತೊಳೆದಿದ್ದು ನಾನೇ. ಗಲೀಜು ಮಾಡಿದ್ದು ಯಾರು ಅಂತಾನೂ ಗೊತ್ತು."

"ನಾಳೆಯಿಂದ ಬರಬೇಡಿ ಅಂದ್ರೆ?"

"ಮನೇಲೂ ತಟ್ಟೆ ಇದಾವೆ ಸಾರ್. ಅವು ಸುಳ್ಳು ಬರೀ ಅನ್ನಲ್ಲ."

ಹಾಗೆಂದು ಅವಳು ಫಲಿತಾಂಶದ ಪುಸ್ತಕದಲ್ಲಿ ಐದನೆಯ ಸಾಲಿಗೂ ಹದಿನಾಲ್ಕು ಎಂದು ಬರೆದು, ಕೆಳಗೆ ಸಹಿ ಹಾಕಿದಳು. ಅಕ್ಷರ ದುಂಡಗೇ ಬಂತು.

ವಾರ್ಡಿನ ನರ್ಸು ಟ್ರೇ ಹಿಡಿದು ಒಳಬಂದಳು. ಪ್ರೊಫೆಸರು ಎಣ್ಣೆಯ ಬಾಟಲಿಯನ್ನು ಅದರಲ್ಲಿಟ್ಟರು. ತಟ್ಟೆಯಮ್ಮ ಪಕ್ಕದಲ್ಲೇ ಐದನೆಯ ತಟ್ಟೆ ಇಟ್ಟಳು.

"ಇದೇನಕ್ಕಾ?"

"ಎಣ್ಣೆ ಹಾಕದೇ ಇರೋದು. ಬೆಳಕಿಗೆ ಹಿಡಿದು ನೋಡವ್ವ, ಆಮೇಲೆ ಉಳಿದ ನಾಲ್ಕೂ ನೋಡು."

ನರ್ಸು ಒಂದೊಂದನ್ನೇ ಕಿಟಕಿಗೆ ಹಿಡಿದಳು. ಪ್ರೊಫೆಸರು ಫೋಟೊದವನಿಲ್ಲದಿದ್ದರೂ ಬಿಳಿ ಕೋಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತ, ಇದೆಲ್ಲ ಸೂಕ್ಷ್ಮ ವಿಚಾರ, ನಿಮಗೆ ಅರ್ಥವಾಗದು ಎಂದು ಶುರುಮಾಡಿದರು.

"ಹಳೇ ಮುಲಾಮೇ ಹಚ್ತೀನಿ ಸಾರ್," ಎಂದಳು ನರ್ಸು, ಬಾಟಲಿಯನ್ನೂ ತಟ್ಟೆಯನ್ನೂ ಮೇಜಿನ ಮೇಲಿಟ್ಟು.

ಖಾಲಿ ಟ್ರೇಯನ್ನು ಕಂಕುಳಲ್ಲಿ ಒತ್ತಿಕೊಂಡು ಮೆಟ್ಟಿಲಿಳಿದಳು. ಅಂಗಳದ ಬಿಸಿಲಿನಲ್ಲಿ ಅವಳು ಅವಸರವಿಲ್ಲದೆ ವಾರ್ಡಿನ ಕಡೆ ನಡೆದುಹೋಗುತ್ತಿದ್ದುದು ಮೇಲಿನಿಂದ ಕಾಣುತ್ತಿತ್ತು.