ಹಾಗಲಕಾಯಿ ರಸದ ಮಹಿಮೆ

ಭೀಮರಾಜ್ ತನ್ನನ್ನು ತಾನು ಭಾರೀ ಬುದ್ಧಿವಂತ ಅಂದುಕೊಂಡಿದ್ದ. ಎಚ್‌ಐವಿ ಇದೆಯೆಂದು ಗೊತ್ತಾದಾಗ, ದಿನಾ ನುಂಗುವ ಮಾತ್ರೆಗೆ ಮನೆಯಲ್ಲಿ ಒಂದು ಹೆಸರು ಬೇಕಿತ್ತು. ಸಕ್ಕರೆ ಕಾಯಿಲೆ ಅಂದುಬಿಟ್ಟ. ಹೆಂಡತಿ ಕೋಮಲಾಳಿಗೂ ಅದೇ ಸೋಂಕು. ಅವಳ ಪಾಲಿಗೆ ಥೈರಾಯ್ಡ್ ಕೊಟ್ಟ. ಅವರ ಊರು ಕಡಬಕ್ಕೆ ಗುಬ್ಬಿಯ ಆಸ್ಪತ್ರೆಯೇ ಹತ್ತಿರ. ಆದರೆ ಗುಬ್ಬಿಯಲ್ಲೇ ಅವನು ಲಗೇಜ್ ಆಟೋ ಓಡಿಸುತ್ತಿದ್ದ, ನೂರೆಂಟು ಪರಿಚಯ. ಹಾಗಾಗಿ ಆಸ್ಪತ್ರೆಗೆ ಮಾತ್ರ ತುಮಕೂರೇ.

ಈ ಚಾಣಾಕ್ಷ ಮರೆತದ್ದು ತಾಯಿ ಚಿಕ್ಕಮಾರಮ್ಮನನ್ನು. ಮರುದಿನದಿಂದಲೇ ಆಕೆ ಹಾಗಲಕಾಯಿ ಅರೆಯತೊಡಗಿದಳು. ಬೆಳಿಗ್ಗೆ ಎದ್ದರೆ ಒಂದು ಲೋಟ ಕಹಿ ರಸ, ಎದುರಿಗೆ ನಿಂತು ಕುಡಿಸುವುದು. ಹಬ್ಬದಲ್ಲಿ ಊರೆಲ್ಲ ಒಬ್ಬಟ್ಟು ತಿಂದರೆ ಅವನ ತಟ್ಟೆಗೆ ಇನ್ನೊಂದು ಮುದ್ದೆ. ಹೇಳುವ ಸುಳ್ಳನ್ನು ಗ್ಯಾಸ್ಟ್ರಿಕ್ ಅಂತಲಾದರೂ ಹೇಳಬಾರದಿತ್ತೇ ಎಂದು ವರ್ಷಗಟ್ಟಲೆ ತನ್ನನ್ನೇ ಬೈದುಕೊಂಡ.

ಆಮೇಲೆ ಕೋಮಲಾ ಬಸುರಿಯಾದಳು. ಆಸ್ಪತ್ರೆಯ ಆಪ್ತಸಮಾಲೋಚಕಿ ಪ್ರೇಮಲತಾ, "ಬಾಣಂತನ ಮಾಡೋರು ಯಾರು?" ಎಂದರು. ಹುಲಿಯೂರುದುರ್ಗದ ತವರಿನಲ್ಲಿ ಕೋಮಲಾಳ ತಾಯಿ ತೀರಿಕೊಂಡಿದ್ದರು.

"ಹಾಗಾದ್ರೆ ಅತ್ತೇನ ಕರ್ಕೊಂಡು ಬನ್ನಿ. ಮಗೂಗೆ ಔಷಧಿ ಕುಡಿಸೋ ಕೈ ಅವರದೇ ತಾನೇ?"

ಭೀಮರಾಜ್ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಅವ್ವ ತಟ್ಟೆ ಲೋಟ ಬೇರೆ ಮಾಡಿಬಿಟ್ಟರೆ? ಮಗುವನ್ನು ಎತ್ತಿಕೊಳ್ಳದೇ ಹೋದರೆ?

ಅವ್ವನನ್ನು ಕರೆತಂದ ದಿನ, ಬಸ್ಸಿನಲ್ಲೇ ಹೇಳಿಬಿಡಬೇಕೆಂದು ಹೊರಟವನು ತುಮಕೂರು ಬರುವವರೆಗೂ ಕಡಬದ ಕೆರೆ ನೀರಿನ ಬಗ್ಗೆ ಭಾಷಣ ಬಿಗಿದ. ಪ್ರೇಮಲತಾ ಎದುರಿಗೆ ಕೂತ ಮೇಲೆ ವಿಧಿಯಿರಲಿಲ್ಲ.

"ಅವ್ವ, ನಂಗೆ ಸಕ್ಕರೆ ಕಾಯಿಲೆ ಇಲ್ಲ."

ಚಿಕ್ಕಮಾರಮ್ಮನ ಮುಖ ಅರಳಿತು. "ವಾಸಿ ಆಯ್ತಾ? ಒಂದಿನಾನೂ ತಪ್ಪಿಸ್ದಂಗೆ ಹಾಗಲಕಾಯಿ ರಸ ಕುಡ್ಸಿವ್ನಿ ಮೇಡಂ, ಬರ್ಕಳಿ!"

ಭೀಮರಾಜ್ ಹೆಂಡತಿಯ ಕಡೆ ನೋಡಿದ. ಕೊನೆಗೆ ಕೋಮಲಾಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು. "ಎಚ್‌ಐವಿ ಅತ್ತೆ. ಇಬ್ರಿಗೂ."

ಮುದುಕಿ ಸೊಸೆಯ ಹೊಟ್ಟೆಯತ್ತ ನೋಡಿದಳು. "ಮಗೀಗೆ?"

"ಮಾತ್ರೆ ತಪ್ಪಿಸಿಲ್ಲ, ಸೋಂಕು ಹತೋಟೀಲಿದೆ. ಮಗೂಗೆ ಬರೋದು ತುಂಬಾ ಅಪರೂಪ," ಎಂದರು ಪ್ರೇಮಲತಾ. "ಹುಟ್ಟಿದ ಮೇಲೆ ಕೆಲವು ವಾರ ಸಿರಪ್ ಕುಡಿಸ್ಬೇಕು. ಮುಟ್ಟೋದ್ರಿಂದ, ಜೊತೇಲಿ ಉಣ್ಣೋದ್ರಿಂದ ಏನೂ ಬರಲ್ಲ."

ಚಿಕ್ಕಮಾರಮ್ಮ ಎದ್ದು ಹೊರಗೆ ನಡೆದುಬಿಟ್ಟಳು. ಮುಗಿಯಿತು ಎಂದುಕೊಂಡು ಭೀಮರಾಜ್ ಹಿಂದೆ ಓಡಿದ. ಗೇಟಿನಾಚೆಯ ಟೀ ಅಂಗಡಿಯಲ್ಲಿ ಅವ್ವ, "ಒಂದು ಟೀ ಕೊಡಪ್ಪ, ಸಕ್ಕರೆ ಜಾಸ್ತಿ," ಎನ್ನುತ್ತಿದ್ದಳು. ಅರ್ಧ ಕುಡಿದು, ಅದೇ ಲೋಟವನ್ನು ಮಗನ ಮುಂದೆ ಹಿಡಿದಳು.

"ಕುಡಿ. ಹಾಗಲಕಾಯಿ ಅರ್ದು ಅರ್ದು ನನ್ ರಟ್ಟೆ ಬಿದ್ದೋಯ್ತಲ್ಲೋ, ಮುಂಡೇದೇ!"

ಅವನು ಲೋಟ ನೋಡುತ್ತಾ ನಿಂತ.

"ಊರ ಹೋಟ್ಲಲ್ಲಿ ನಮ್ಗೇ ಅಂತ ಬೇರೆ ಲೋಟ ಮಡಗ್ತಿದ್ರು, ಹೊರಗ್ ನಿಂತು ಕುಡ್ದು ಬೆಳ್ದೋಳು ಕಣ್ಲಾ ನಾನು. ನನ್ ಮನೇಲಿ ನಾನೇ ಬೇರೆ ಲೋಟ ಮಡಗ್ತೀನಾ?" ಎಂದವಳು, ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಸೊಸೆಯ ಕಡೆ ತಿರುಗಿದಳು. "ಆ ಸಿರಪ್ಪು ಕಯ್ಯೋ ಸೀಯೋ, ಕೇಳ್ದೇನೇ?"

ಭೀಮರಾಜನ ಕಣ್ಣು ತುಂಬಿ ಬಂತು. ಯಾಕೋ ಅಳ್ತೀಯ ಎಂದು ಅವ್ವ ಗದರಿದಳು. ಸಕ್ಕರೆ ಜಾಸ್ತಿ ಆಯ್ತು ಎನ್ನಲು ಬಾಯಿ ತೆರೆದವನು, ಆ ಸುಳ್ಳನ್ನು ನುಂಗಿಕೊಂಡು ಟೀ ಕುಡಿದ.