ಕಹಿ ಇದ್ದದ್ದು ಮದ್ದು

ಹೆಣವನ್ನು ಮೀಯಿಸಿ ಅಂಗಳದ ಚಾಪೆಯ ಮೇಲೆ ಇಳಿಸುತ್ತಿರುವಾಗಲೇ ಗದ್ದೆಯಾಚೆ ಸಂಸ್ಥೆಯ ಜೀಪು ಬಂದು ನಿಂತಿತು. ಹಿಡಿದಿದ್ದ ನಾಲ್ವರೂ ತಲೆ ಎತ್ತಿ ನೋಡಿದರು. ಆ ಜೀಪು ಸಾವಿನ ಮನೆಗೆ ಬರುವುದು ಕಡಬದ ಸುತ್ತಿನಲ್ಲಿ ಹೊಸತೇನಲ್ಲ. ಐದು ವರ್ಷ ಮರಣದ ಫಾರ್ಮು ಹಿಡಿದು ಅದರಿಂದ ಇಳಿಯುತ್ತಿದ್ದವನು ಈ ತ್ಯಾಂಪಣ್ಣನೇ. ಇವತ್ತು ಅವನ ಫಾರ್ಮು ತುಂಬಿಸಲು ಬೇರೆಯವರು ಬರಬೇಕಾಯಿತು.

"ಬೆಂಕಿ ಕೊಡುವವರೆಗೆ ಕಾಯ್ಲಿಕ್ಕೆ ಆಗುದಿಲ್ವಾ ಇವರಿಗೆ?" ಎಂದ ಸತ್ತವನ ತಮ್ಮ ಬೋಜ.

"ಬರಲಿ ಬಿಡು. ಅವರ ಆಫೀಸಿನವರೇ ಅಲ್ವಾ," ಎಂದಳು ತ್ಯಾಂಪಣ್ಣನ ಹೆಂಡತಿ ಅಕ್ಕು.

ಡಾಕ್ಟರು ಯಜ್ಞೇಶ್ವರ ಇನ್ನೂ ಮೂವತ್ತು ದಾಟದವರು. ಚಪ್ಪಲಿ ಬಿಟ್ಟು ಬಂದು ಹೆಣದ ಕಾಲು ಮುಟ್ಟಿದರು. ಆಮೇಲೆ ಜಗಲಿಯಲ್ಲಿ ಅಕ್ಕುವಿನ ಎದುರು ಕುಳಿತು ಫೈಲು ಬಿಡಿಸಿದರು. ಅಕ್ಕುವಿನ ಬೆನ್ನಿಗೆ ಕೈಯಿಟ್ಟುಕೊಂಡು ಪಕ್ಕದ ಮನೆಯ ಐಸಮ್ಮ ಕುಳಿತಿದ್ದಳು. ಮನೆಯ ಹಿಂದೆ ಚಿತೆಗೆ ಮಾವಿನ ಮರ ಕಡಿಯುವ ಸದ್ದು ಕೇಳುತ್ತಿತ್ತು.

"ಒಂದು ಕೈ ಜೋತುಬಿದ್ದಿತ್ತಾ ಅಕ್ಕ?"

"ಬಲಗೈ. ಚಾದ ಗ್ಲಾಸು ಬಿತ್ತು. ಬಾಯಿ ಓರೆ ಆಯ್ತು. ಮತ್ತೆ ಮಾತೇ ಬರ್ಲಿಲ್ಲ."

"ನಮ್ಮ ಮಾತ್ರೆ ದಿನಾ ತಿಂತಿದ್ರಾ?"

"ಒಂದು ದಿನ ಬಿಟ್ಟವರಲ್ಲ. ನನ್ನದನ್ನು."

ಡಾಕ್ಟರ ಪೆನ್ನು ನಿಂತಿತು. "ನಿಮ್ಮದನ್ನು ಅಂದರೆ?"

* * *

ಎಪ್ಪತ್ತೇಳರಲ್ಲಿ ಆ ಸಂಸ್ಥೆ ಪುತ್ತೂರಿನ ದರ್ಬೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯಿತು. ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆಗಳನ್ನು ಲೋಕದ ಹನ್ನೊಂದು ಕಡೆ ಅಧ್ಯಯನ ಮಾಡುವ ಸಂಸ್ಥೆಯಂತೆ. ಅಂಟದ ಕಾಯಿಲೆಗೆ ಇಷ್ಟು ದೊಡ್ಡ ಗೌಜಿ ಯಾಕೆ ಮಾರಾಯ್ರೆ ಎಂದು ಜನ ನಕ್ಕರು. ಕುಂಬ್ರದಲ್ಲಿ ಬೀಡಿ ಎಲೆ ತೂಗುತ್ತಿದ್ದ ತ್ಯಾಂಪಣ್ಣನಿಗೆ ಅಲ್ಲಿ ಕೆಲಸವಾಯಿತು. ಮನೆಮನೆಗೆ ಹೋಗಿ ಪ್ರೆಶರು ನೋಡುವುದು, ಹೆಚ್ಚಿದ್ದವರಿಗೆ ನಂಬರು ಹಾಕಿದ ಬಾಟ್ಲಿ ಕೊಡುವುದು, ಯಾರಾದರೂ ಸತ್ತರೆ ಫಾರ್ಮು ತುಂಬಿಸುವುದು.

ಅರ್ಧ ಬಾಟ್ಲಿಗಳಲ್ಲಿ ಮದ್ದು, ಅರ್ಧದಲ್ಲಿ ಬರೇ ಹಿಟ್ಟಿನ ಮಾತ್ರೆ. ಯಾರದ್ದು ಯಾವುದು ಎಂದು ಡಾಕ್ಟರಿಗೂ ಗೊತ್ತಿರಬಾರದು, ಅದು ದರ್ಬೆಯ ಕಪಾಟಿನ ಲಕೋಟೆಗಳಲ್ಲಿ ಮಾತ್ರ. ಮದ್ದಿನಿಂದ ಎಷ್ಟು ಜನ ಉಳಿಯುತ್ತಾರೆ ಎಂದು ತಿಳಿಯಲು ಬೇರೆ ದಾರಿಯಿಲ್ಲವಂತೆ. ಹೆಬ್ಬೆಟ್ಟು ಒತ್ತುವಾಗ ಇದನ್ನೆಲ್ಲ ಓದಿ ಹೇಳಿದ್ದರು. ಒತ್ತಿದವರು ಮರೆತರು, ತ್ಯಾಂಪಣ್ಣ ಮರೆಯಲಿಲ್ಲ. ಅವನೂ ಅಕ್ಕುವೂ ಇಬ್ಬರೂ ಆ ಪಟ್ಟಿಯಲ್ಲಿದ್ದರು.

ಒಂದು ಮಧ್ಯಾಹ್ನ ಇಬ್ಬರ ಬಾಟ್ಲಿಯೂ ಕೈಜಾರಿ ಮಾತ್ರೆಗಳು ಜಗಲಿಯಲ್ಲಿ ಚೆಲ್ಲಿದವು. ಬೇರ್ಪಡಿಸುವುದು ಹೇಗೆಂದು ತಿಳಿಯದೆ ಅವನು ಒಂದೊಂದನ್ನೇ ನೆಕ್ಕಿ ನೋಡಿದ. ಯಾವ ರುಚಿ ಯಾರದ್ದೆಂದು ತಿಳಿಯಲು ಬಾಟ್ಲಿಯ ತಳದಲ್ಲಿ ಉಳಿದದ್ದನ್ನೂ ನೆಕ್ಕಿದ. ತನ್ನದು ನೆಲಬೇವಿನಂತೆ ಕಹಿ. ಅಕ್ಕುವಿನದು ಸಪ್ಪೆ.

"ಇನ್ನು ನೀನು ನನ್ನದು ತಿನ್ನು ಮಾರಾಯ್ತಿ," ಎಂದ. "ಕಹಿ ಇಲ್ಲದ ಮದ್ದು ಎಲ್ಲಿಯಾದರೂ ಉಂಟಾ?"

"ಮತ್ತೆ ನೀವು?"

"ದಿನಾ ಹತ್ತು ಮೈಲು ನಡೆಯುವವ ನಾನು. ನನಗೆ ಎಂತ ಆಗ್ತದೆ?"

ಅದು ಮನೆಯೊಳಗೇ ನಿಲ್ಲುತ್ತಿದ್ದರೆ ಇಷ್ಟಾಗುತ್ತಿರಲಿಲ್ಲ. ತಿಂಗಳ ಬಾಟ್ಲಿ ಹಂಚುವ ಮೊದಲು ಎಲ್ಲವನ್ನೂ ನೆಕ್ಕಿ ನೋಡಲು ಶುರು ಮಾಡಿದ. ಸಣ್ಣ ಮಕ್ಕಳಿರುವ ತಾಯಂದಿರ ಬಾಟ್ಲಿಗೆ ಕಹಿ ತುಂಬಿಸಿದ. ಅದಕ್ಕೆ ಯಾರಿಂದಲಾದರೂ ಕೀಳಬೇಕಲ್ಲ, ಹಿಂದೆ ಮುಂದೆ ಯಾರೂ ಇಲ್ಲದ ಮುದುಕರಿಗೆ ಸಪ್ಪೆ ಹೋಯಿತು. ಅಂಥವರಲ್ಲಿ ಒಬ್ಬನಾದ ಮೇದಪ್ಪನ ಕೈಗೆ ಸಪ್ಪೆ ಬಾಟ್ಲಿ ಕೊಟ್ಟು ಬಂದ ದಿನ ಊಟ ಮಾಡಲಿಲ್ಲ. "ಪಾಪ ಕಟ್ಟಿಕೊಂಡೆ ಅಕ್ಕು," ಎಂದ. ಮರುತಿಂಗಳೂ ಹಾಗೆಯೇ ಕೊಟ್ಟ.

ಹೋದ ವರ್ಷ ಮೂರು ಮಕ್ಕಳ ತಾಯಿ ಗೋದಾವರಿ ತೀರಿಹೋದಾಗ ಫಾರ್ಮು ತುಂಬಿಸಿದ್ದೂ ಅವನೇ. ಮನೆಗೆ ಬಂದು ಚಿಕ್ಕ ಮಗುವಿನ ಹಾಗೆ ಅತ್ತ. "ಕಹಿಯನ್ನೇ ಕೊಟ್ಟಿದ್ದೆನಲ್ಲ," ಎಂದು ಎಷ್ಟು ಸಲ ಹೇಳಿದನೋ.

* * *

ಅಕ್ಕು ಇಷ್ಟನ್ನೂ ಏನೂ ಮುಚ್ಚಿಡದೆ ಹೇಳಿದಳು. ಹೇಳುವಾಗ ಅವಳಿಗೆ ಗಂಡನ ಮೇಲೆ ಹೆಮ್ಮೆಯೇ ಇತ್ತು.

ಯಜ್ಞೇಶ್ವರರು ಫೈಲಿನಿಂದ ತ್ಯಾಂಪಣ್ಣನ ನಂಬರಿನ ಲಕೋಟೆ ತೆಗೆದರು. ಸತ್ತವರದ್ದನ್ನು ಒಡೆಯಬಹುದೆಂದು ನಿಯಮವಿತ್ತು. ಒಡೆದು ಓದಿದರು, ಮಡಚಿದರು, ಮತ್ತೆ ಬಿಡಿಸಿದರು.

"ಎಂತ ಬರೆದುಂಟು?"

"ಅದು ಹೇಳುವ ಹಾಗಿಲ್ಲ ಅಕ್ಕ."

"ಅವರ ಬಾಟ್ಲಿಯದ್ದು ನಾಲ್ಕು ವರ್ಷ ತಿಂದದ್ದು ನಾನು. ನನಗೆ ಹೇಳದೆ ಯಾರಿಗೆ ಹೇಳುದು?"

ಡಾಕ್ಟರು ತಲೆ ಎತ್ತಲಿಲ್ಲ. "ಅವರ ಬಾಟ್ಲಿಯಲ್ಲಿ ಇದ್ದದ್ದು ಹಿಟ್ಟು."

"ಕಹಿ ಇತ್ತಲ್ಲ?"

"ಮದ್ದು ಒಂಚೂರು ಕಹಿ. ಗುರುತು ಸಿಗಬಾರದು ಅಂತ ಹಿಟ್ಟಿಗೂ ಕಹಿ ಬೆರೆಸಿದ್ದು. ಹೆಚ್ಚು ಬಿದ್ದಿದೆ."

"ಹಾಗಾದರೆ ಅವರು ತಿಂದ ಸಪ್ಪೆ?"

"ಅದೇ ಮದ್ದು ಇರಬೇಕು, ಆ ಕಹಿಯ ಎದುರು ಸಪ್ಪೆ ಅನಿಸಿದ್ದು. ಮದ್ದು ತಿಂದರೂ ಕೆಲವರು ಹೋಗ್ತಾರೆ."

ಹಿತ್ತಿಲಿನಲ್ಲಿ ಕೊಡಲಿ ಬೀಳುತ್ತಲೇ ಇತ್ತು. ಕಡಿಯುತ್ತಿದ್ದವನು ಮೇದಪ್ಪ. ಎಪ್ಪತ್ತು ದಾಟಿದ ಮುದುಕ, ಬೇಡವೆಂದರೂ ಕೇಳದೆ ಬೆಳಗ್ಗಿನಿಂದ ಕೊಡಲಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಐಸಮ್ಮ ಅಕ್ಕುವಿನ ಬೆನ್ನಿನಿಂದ ಕೈ ತೆಗೆದಳು. "ಡಾಕ್ಟ್ರೆ, ನನ್ನದು ಕಹಿ. ಮಗಳು ಮೈಮೂನಾಂದೂ ಕಹಿ. ಅವಳು ನಿನ್ನೆಯಿಂದ ತಲೆನೋವು ಅಂತ ಮಲಗಿದ್ದಾಳೆ."

ಅಕ್ಕುವಿಗೆ ಹೆದರಿಕೆಯಾಯಿತು. ಗಂಡ ಸತ್ತಾಗಲೂ ಆಗದ ಹೆದರಿಕೆ. ಚಾಪೆಯ ಕಡೆ ತಿರುಗಿ, "ಎಂತ ಮಾಡಿ ಇಟ್ರಿ ನೀವು," ಎಂದಳು. ಅವಳಿಗೆ ಸಿಟ್ಟು ಬಂದಿತ್ತು. ಅವನನ್ನು ತಬ್ಬಿ ಅಳಬೇಕೆಂದೂ ಅನಿಸುತ್ತಿತ್ತು. ಎರಡಕ್ಕೂ ಅವನು ಸಿಗುವಂತಿರಲಿಲ್ಲ.

ಡಾಕ್ಟರು ಜೀಪಿನಿಂದ ಪ್ರೆಶರಿನ ಪೆಟ್ಟಿಗೆ ತಂದು ಅವಳ ತೋಳಿಗೆ ಪಟ್ಟಿ ಸುತ್ತಿದರು. ಪಾದರಸ ಮೇಲೇರಿ ನಿಧಾನ ಇಳಿಯತೊಡಗಿತು. ಅವರು ಅಂಕೆಯನ್ನು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದರು.

"ಇವತ್ತೇ ಪುತ್ತೂರಿನ ಆಸ್ಪತ್ರೆಗೆ ಹೊರಡಬೇಕು ಅಕ್ಕ."

"ಅವರನ್ನು ಸುಡದೆಯಾ?"

ಅಷ್ಟರಲ್ಲಿ ಅಂಗಳದಿಂದ ಬೋಜ ಕರೆದ. "ಎತ್ತುವ ಹೊತ್ತಾಯ್ತು, ಬನ್ನಿ."

ಯಾರೂ ಬರಲಿಲ್ಲ. ಜಗಲಿಯಲ್ಲಿ ಆಡಿದ ಮಾತು ಆಗಲೇ ಬಾಯಿಂದ ಬಾಯಿಗೆ ಅಂಗಳ ದಾಟಿ ಹೋಗಿತ್ತು. ಮೊದಲು ಐಸಮ್ಮ ಎದ್ದು ರವಕೆಯ ತೋಳು ಮೇಲಕ್ಕೇರಿಸಿ ಡಾಕ್ಟರ ಮುಂದೆ ಕುಳಿತಳು. ಅವಳ ಹಿಂದೆ ಸೊಂಟದಲ್ಲಿ ಮಗುವಿದ್ದ ಒಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಎಲ್ಲರೂ ಎಡತೋಳನ್ನು ಬರಿದು ಮಾಡಿಕೊಂಡು ನಿಂತರು. ಸಾಲು ಜಗಲಿಯ ಮೆಟ್ಟಿಲಿಳಿದು, ಹೆಣದ ತಲೆಯನ್ನು ಬಳಸಿ, ಗದ್ದೆಯ ಬದುವಿನವರೆಗೂ ಬೆಳೆಯಿತು.