ಎರವಲು ರಕ್ತ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವನಿಗೆ ಹೊಗೆಬಂಡಿ ಎಂದೇ ಹೆಸರು. ಇಪ್ಪತ್ತೆರಡು ವರ್ಷ ಕಂಡವರ ತೋಳಿಗೆ ಸೂಜಿ ಚುಚ್ಚಿ, ಬಿಳಿ ರಕ್ತಕಣ ಎಣಿಸಿ, ಸೇದುವವರಿಗೆ ಬುದ್ಧಿ ಹೇಳಿ, ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ತಾನೇ ಒಂದು ಹಚ್ಚುವ ಮಹಾನುಭಾವ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೆ ರಕ್ತದಲ್ಲಿ ಯಾವ ಪ್ರೋಟೀನ್ ಏರುತ್ತದೆ, ಹೊಗೆ ಕುಡಿದ ಮೈಯಲ್ಲಿ ಬಿಳಿ ಕಣಗಳು ಹೇಗೆ ಹೆಚ್ಚಿ, ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತವೆ, ಎಲ್ಲ ಅವನಿಗೆ ಬಾಯಿಪಾಠ.

ಲ್ಯಾಬಿನ ಮುಖ್ಯಸ್ಥನ ಹುದ್ದೆ ಖಾಲಿಯಾದಾಗ ಲ್ಯಾಬಿನ ಒಡತಿ ಡಾಕ್ಟರಮ್ಮ ಒಂದೇ ಷರತ್ತು ಹಾಕಿದರು: ಆರು ತಿಂಗಳು ಸಿಗರೇಟು ಬಿಟ್ಟು, ಆಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು. ಬಿಟ್ಟೇಬಿಟ್ಟೆ ಎಂದ. ಬಿಟ್ಟದ್ದು ಮೆಟ್ಟಿಲನ್ನು ಮಾತ್ರ. ಮನೆಯಲ್ಲಿ ಮೊದಲೇ ಸೇದುತ್ತಿದ್ದವನು ಈಗ ಹಗಲಿನ ಪಾಲನ್ನೂ ಅಲ್ಲಿಗೇ ವರ್ಗಾಯಿಸಿದ. ಎದುರು ಮನೆಯಲ್ಲಿ ಲ್ಯಾಬಿನ ಗುಮಾಸ್ತ ಇದ್ದುದರಿಂದ ಕಿಟಕಿಯನ್ನೂ ಮುಚ್ಚಿದ. ಹೆಂಡತಿ ಆ ಹೊಗೆಯಲ್ಲೇ ಕೂತು ಬಟ್ಟೆ ಮಡಚಿದಳು.

ಗಡುವು ಬಂದಾಗ ತನ್ನದೇ ರಕ್ತ ಕೊಡುವಷ್ಟು ಪೆದ್ದ ಅವನಲ್ಲ. ಶುಗರ್ ನೋಡೋಣವೆಂದು ಹೆಂಡತಿಯ ತೋಳಿನಿಂದ ಎರಡು ಟ್ಯೂಬು ತೆಗೆದು, ತನ್ನ ಹೆಸರಿನ ಚೀಟಿ ಅಂಟಿಸಿ, ಸಿಳ್ಳೆ ಹಾಕುತ್ತ ಲ್ಯಾಬಿಗೆ ನಡೆದ. ಜೀವಮಾನದಲ್ಲಿ ಒಂದು ಸಿಗರೇಟನ್ನೂ ಮುಟ್ಟದವಳ ರಕ್ತ. ಇದಕ್ಕಿಂತ ಚೊಕ್ಕ ಎಲ್ಲಿ ಸಿಕ್ಕೀತು?

ಸಂಜೆ ಡಾಕ್ಟರಮ್ಮ ಕರೆಸಿ ಕಾಗದ ಮುಂದಿಟ್ಟರು. ಬಿಳಿ ಕಣ ಏರಿತ್ತು. ಶ್ವಾಸಕೋಶದ ಪ್ರೋಟೀನ್ ಇನ್ನೂ ಏರಿತ್ತು. ಕದ್ದು ಸೇದುತ್ತಿದ್ದೀರಿ ಎಂದು ಚೆನ್ನಾಗಿ ಝಾಡಿಸಿದರು. ಆದರೂ ಹಳೆಯ ಕೆಲಸಗಾರನೆಂದು ಮತ್ತೆ ಮೂರು ತಿಂಗಳು ಕೊಟ್ಟರು. ನಾಳೆ ಮಾತ್ರ ಎದೆಯ ಸ್ಕ್ಯಾನ್ ಆಗಲೇಬೇಕು, ಈ ಅಂಕಿ ನೋಡಿದರೆ ಭಯವಾಗುತ್ತದೆ ಎಂದರು.

ಅವನು ಕಾಗದ ಎಳೆದುಕೊಂಡು ಆ ಅಂಕಿಯನ್ನು ಮತ್ತೊಮ್ಮೆ ಓದಿದ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ್ದರೆ ಹುದ್ದೆ ಇನ್ನೂ ಕೈಗೆಟುಕುವಂತಿತ್ತು. ನಿಜ ಹೇಳಿದರೆ ಇದ್ದ ಕೆಲಸವೂ ಹೋಗುತ್ತಿತ್ತು. ಹೆಂಡತಿಯನ್ನು ಬೇರೆ ಡಾಕ್ಟರಿಗೆ ಗುಟ್ಟಾಗಿ ತೋರಿಸಿದರಾಯಿತು ಎಂಬ ಹೊಸ ಉಪಾಯವೂ ತಲೆಯಲ್ಲಿ ಇಣುಕಿತು. ಆ ತಲೆಯ ಮೇಲೇ ಅವನಿಗೆ ಹೇಸಿಗೆಯಾಯಿತು.

"ಇದು ನನ್ನ ರಕ್ತ ಅಲ್ಲ ಮೇಡಂ," ಎಂದ. "ನನ್ನ ಹೆಂಡತೀದು. ಅವಳು ಒಂದು ದಿನಾನೂ ಸೇದಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪೆನ್ನು ತೆಗೆದು ಕಾಗದದಲ್ಲಿದ್ದ ಅವನ ಹೆಸರಿಗೆ ಅಡ್ಡಗೆರೆ ಎಳೆದರು.

"ಅವರ ಹೆಸರು ಹೇಳಿ. ವಯಸ್ಸು? ಕೆಮ್ಮು ಇದೆಯಾ, ಯಾವಾಗಿಂದ?"

ಹೆಸರು ಹೇಳಿದ, ವಯಸ್ಸು ಹೇಳಿದ. ಅವಳು ಕೆಮ್ಮುತ್ತಾಳೆಯೇ ಎಂದು ಅವನು ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ.